ಎರಡನೆಯ ಬೆರಳು

ಸೋಲಾಪುರದ ನವಿ ಪೇಠದಲ್ಲಿ, ಚಾದರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ನಾಲ್ಕು ಜನ ಕೂತು ಎರಡರಿಂದ ನಾಲ್ಕು ವರ್ಷದ ಮಕ್ಕಳ ಭವಿಷ್ಯ ತಯಾರಿಸುತ್ತಿದ್ದರು. ನಾಲ್ವರಲ್ಲಿ ಮೂವರಿಗೆ ಮಕ್ಕಳಿರಲಿಲ್ಲ. ಕಂಪನಿಯ ಒಡೆಯ ಕಾಂತೇಶನಿಗೆ ಎರಡೂವರೆ ವರ್ಷದ ಮಗನೊಬ್ಬನಿದ್ದ. ಅಪ್ಪು ಅಂತ ಹೆಸರು. ಮಗ ಏಳುವ ಮೊದಲೇ ಅಪ್ಪ ಆಫೀಸಿಗೆ ಬಂದಿರುತ್ತಿದ್ದ, ಮಗ ಮಲಗಿದ ಮೇಲೆ ಮನೆ ಸೇರುತ್ತಿದ್ದ. ನಡುವಿನ ಹೊತ್ತಿನಲ್ಲಿ, ತಂದೆತಾಯಿ ಮಕ್ಕಳ ಹತ್ತಿರ ಕೂಡುವುದು ಎಷ್ಟು ಮುಖ್ಯ ಎಂಬುದರ ಮೇಲೆ ಕೆಲಸ ಮಾಡುತ್ತಿದ್ದ.

ಸ್ನೇಹಲ ಅಲ್ಲಿ ಚಿತ್ರ ಬಿಡಿಸುವವಳು. ನಾಗಣಸೂರಿನ ಒಕ್ಕಲುತನದ ಮನೆಯ ಹುಡುಗಿ, ಇಪ್ಪತ್ತೊಂಬತ್ತು ವರ್ಷ, ಇನ್ನೂ ಮದುವೆಯಿಲ್ಲ. ಮನೆಯಲ್ಲಿ ಕನ್ನಡ ಆಡಿ, ಸಾಲಿಯಲ್ಲಿ ಮರಾಠಿ ಓದಿದವಳಾದ್ದರಿಂದ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೈಹಿಡಿದು ದಾಟಿಸಿ ಓದುತ್ತಿದ್ದಳು. ಆ್ಯಪಿನ ಚಿತ್ರ ಅವಳದು, ಮಾತು ಅವಳದು, ದನಿ ಕೂಡ ಅವಳದೇ. ಕಾಂತೇಶನಿಗೆ ಹೋಗಲು ಮನಸ್ಸಿಲ್ಲದ ಊರುಗಳಿಗೆ ಹೋಗಿಬರುವ ಕೆಲಸವೂ ಅವಳದಾಗಿತ್ತು.

"ನೋಡು ಸ್ನೇಹಲ, ತಾಯಿ ಏನ್ ಮಾಡ್ತಾಳ? ಕೂಸಿನ ಕೈಯಾಗ ಟ್ಯಾಬ್ ಕೊಟ್ಟು ಸೀರಿಯಲ್ ನೋಡಾಕ ಹೋಗ್ತಾಳ," ಎಂದು ಕಾಂತೇಶ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. "ನಮ್ಮ ಆ್ಯಪ್ ಅಕಿನ್ನ ಕೂಡಸಬೇಕು. ಎದ್ದು ಹೋಗಾಕ ಬಿಡಬಾರದು."

"ಅಪ್ಪ ಏನ್ ಮಾಡ್ತಾನ್ರಿ ಸರ್?" ಎಂದು ಸ್ನೇಹಲ ಒಮ್ಮೆ ಕೇಳಿದಳು.

"ಅದು ಬ್ಯಾರೆ ವಿಷಯ," ಎಂದ ಕಾಂತೇಶ.

ಅಂತೂ ಆ್ಯಪ್ ತಯಾರಾಯಿತು. ಹೆಸರು 'ಜೋಡಿಬೆರಳು'. ಪರದೆಯ ಮೂಲೆಯಲ್ಲೊಂದು ಹಸಿರು ಗುಂಡು. ಅದರ ಮೇಲೆ ದೊಡ್ಡವರ ಹೆಬ್ಬೆರಳು ಒತ್ತಿಕೊಂಡೇ ಇರಬೇಕು. ಆಗ ಮಾತ್ರ ಮಗುವಿನ ಬೆರಳಿಗೆ ಕೋಳಿ, ಕುರಿ, ಕೊಡ ಎಲ್ಲ ಸರಿದಾಡುತ್ತವೆ. ಹೆಬ್ಬೆರಳು ತೆಗೆದರೆ ಆಟ ನಿಂತೇ ಹೋಗುತ್ತದೆ. ಜಗತ್ತಿನಲ್ಲಿ ಎಲ್ಲೂ ಇಲ್ಲದ ಯೋಚನೆ ಎಂದು ಕಾಂತೇಶ ಅದನ್ನು ಹತ್ತು ಕಡೆ ಹೇಳಿದ. ಎಲ್ಲೂ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ.

ಮೊದಲ ಪರೀಕ್ಷೆ ಕಾಂತೇಶನ ಮನೆಯಲ್ಲೂ ಅದರ ಮೇಲಿನ ಮನೆಯಲ್ಲೂ ನಡೆಯಿತು. ಅಪ್ಪುವಿನ ಜೊತೆ ಕೂತವಳು ಕಾಂತೇಶನ ತಾಯಿ ಶಾರದಾಬಾಯಿ. ಎರಡು ದಿನ ಅವಳು ಹೆಬ್ಬೆರಳನ್ನು ಗುಂಡಿನ ಮೇಲಿಟ್ಟು, ಇನ್ನೊಂದು ಕೈಯಿಂದ ಮೆಂತೆ ಸೋಸಿದಳು. ಮೂರನೆಯ ದಿನ ಅಪ್ಪು ಪಲ್ಯಕ್ಕೆ ಕುದಿಸಿಟ್ಟಿದ್ದ ಬಟಾಟೆಯೊಂದನ್ನು ಎತ್ತಿ ಹಸಿರು ಗುಂಡಿನ ಮೇಲಿಟ್ಟ. ಆಟ ನಿಲ್ಲಲಿಲ್ಲ. "ಭೇಷ್! ನಿಮ್ಮ ಪ್ರೀತಿಯ ಪಾಲಕರು ನಿಮ್ಮ ಹತ್ತಿರವೇ ಇದ್ದಾರೆ!" ಎಂದು ಟ್ಯಾಬು ಸ್ನೇಹಲಳ ದನಿಯಲ್ಲಿ ಹಾಡಿ ಹೊಗಳಿತು. ಬಟಾಟೆ ನಲವತ್ತು ನಿಮಿಷ ಮೊಮ್ಮಗನನ್ನು ನೋಡಿಕೊಂಡಿತು.

ವರದಿ ತರಲು ಹೋದ ಸ್ನೇಹಲಳ ಮುಂದೆ ಶಾರದಾಬಾಯಿ ಇದನ್ನೇನೂ ಮುಚ್ಚಿಡಲಿಲ್ಲ. "ಬಟಾಟಿ ಇಟ್ರ ನಡೀತದವ್ವಾ. ಮತ್ತ ನಾ ಯಾಕ ಕೂಡ್ಲಿ? ಮ್ಯಾಲಿನ ಮನಿಯವರಿಗೂ ಹೇಳೀನಿ. ಅವರು ಬಾಳಿಹಣ್ಣು ಇಡಾಕತ್ಯಾರ."

ಕಾಂತೇಶನಿಗೆ ಆಘಾತವಾಯಿತು. ಎರಡೂವರೆ ವರ್ಷದ ಮಗ ತನ್ನ ಯಂತ್ರವನ್ನು ಮುರಿದದ್ದಕ್ಕೆ ಹೆಮ್ಮೆ ಪಡಬೇಕೋ ಪೊಲೀಸರಿಗೆ ಹೇಳಬೇಕೋ ತಿಳಿಯದೆ ಅವನು ಒಂದು ಇಡೀ ಮಧ್ಯಾಹ್ನ ಕಿಟಕಿಯ ಬಳಿ ನಿಂತಿದ್ದ. ದಾರಿ ತೋರಿಸಿದವಳು ಸ್ನೇಹಲ. ಬಟಾಟೆ ಬೆರಳಿನ ಕೆಲಸ ಮಾಡಿದರೂ ಅದಕ್ಕೆ ಬಾಯಿ ಇಲ್ಲವಲ್ಲ. ಪ್ರತಿ ಚಿತ್ರ ಮುಗಿದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಆ ವಸ್ತುವಿನ ಹೆಸರು ಹೇಳಬೇಕು, ಅದರ ಬಗ್ಗೆ ಒಂದು ಮಾತಾಡಬೇಕು; ಎರಡು ಬೇರೆ ಬೇರೆ ದನಿ ಕೇಳಿಸಿದರೆ ಮಾತ್ರ ಮುಂದಿನ ಮೆಟ್ಟಿಲು. ಅಂಥ ನಲವತ್ತು ಮೆಟ್ಟಿಲುಗಳನ್ನು ಅವಳು ಕಟ್ಟಿದಳು. ಕಾಂತೇಶ ಅದನ್ನು ಮರುದಿನದಿಂದ 'ನನಗ ಹೊಳೆದ ವಿಚಾರ' ಎಂದು ಹೇಳತೊಡಗಿದ.

ಈ ಹೊಸ ವಿಚಾರ ಪುಣೆಯ ಒಂದು ಟ್ರಸ್ಟಿಗೆ ಹಿಡಿಸಿತು. ಗಡಿಯ ಹಳ್ಳಿಗಳ ಮಕ್ಕಳು ಮನೆಯ ಭಾಷೆಯಲ್ಲಿ ಕಲಿಯಬೇಕು ಎಂಬುದು ಆ ಟ್ರಸ್ಟಿನ ಆಸೆ. ಅದನ್ನು ಇಂಗ್ಲಿಷಿನಲ್ಲಿ ಬರೆದು ತಿಳಿಸಿದರು. ಆರು ಟ್ಯಾಬುಗಳು ಬಂದವು. ಅಕ್ಕಲಕೋಟ ತಾಲೂಕಿನ ತಡವಳದಲ್ಲಿ ಆರು ಮನೆಗಳನ್ನು ಆರಿಸಿದ್ದಾಯಿತು. ಸ್ನೇಹಲ ಟ್ಯಾಬುಗಳನ್ನು ಚಾದರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಸ್ವಾಮಿಗಳ ದರ್ಶನಕ್ಕೆ ಹೊರಟ ಭಕ್ತರಿಂದ ತುಂಬಿದ ಎಸ್‌ಟಿಯಲ್ಲಿ ಅಕ್ಕಲಕೋಟದವರೆಗೆ ನಿಂತೇ ಹೋದಳು. ಅಲ್ಲಿಂದ ಮುಂದೆ ಇನ್ನೊಂದು ಬಸ್ಸು.

ಆರನೆಯ ಮನೆ ಹಣಮವ್ವನದು. ಕುರಿ ಸಾಕುವ ಮನೆ. ಮಗ ಅಮೋಗಸಿದ್ಧ ಕುರಿ ಹೊಡೆದುಕೊಂಡು ದೂರ ಹೋದರೆ ಹದಿನೈದು ದಿನ ಬರುತ್ತಿರಲಿಲ್ಲ. ಮನೆಯಲ್ಲಿ ಹಣಮವ್ವ, ಸೊಸೆ ಶುಭಾಂಗಿ, ಮತ್ತು ಎರಡು ವರ್ಷ ಎಂಟು ತಿಂಗಳ ಮೈಲಾರಲಿಂಗ. ಅವನನ್ನು ಎಲ್ಲರೂ ಮೈಲಾರಿ ಅನ್ನುತ್ತಿದ್ದರು. ಸ್ನೇಹಲ ಆ್ಯಪ್ ತೆರೆದು ತೋರಿಸಿದಳು. "ಪ್ರೀತಿಯ ಪಾಲಕರೇ, ದಯವಿಟ್ಟು ನಿಮ್ಮ ಹೆಬ್ಬೆರಳನ್ನು ಇರಿಸಿರಿ," ಎಂದಿತು ಟ್ಯಾಬು.

"ಯಾರವ್ವಾ ಇಕಿ? ರೇಡಿಯೋದಾಕಿಯೇನು?" ಎಂದಳು ಹಣಮವ್ವ.

ಸ್ನೇಹಲ ಅದು ತನ್ನದೇ ದನಿ ಎನ್ನಲಿಲ್ಲ.

ಪರದೆಯ ಮೇಲೆ ಬಿಳಿಯ, ದುಂಡಗಿನ, ಹತ್ತಿಯ ಉಂಡೆಯಂಥ ಪ್ರಾಣಿಯೊಂದು ಬಂತು. ಹಣಮವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಇದೇನಿದು?"

"ಕುರಿ ಅಲ್ಲೇನ್ರಿ."

"ಯಾವ ದೇಶದ್ದು? ಕಿವಿ ಎಲ್ಲಿ ಹ್ವಾದೂ? ಕುರಿ ಅಂದ್ರ ಕರ್ರಗಿರ್ತಾವ ತಂಗಿ, ಇಷ್ಟುದ್ದ ಕಿವಿ ಜೋತು ಬಿದ್ದಿರ್ತಾವ. ಇದಕ್ಕ ಯಾರೋ ಸಾಬಾಣ ಹಚ್ಚಿ ತೊಳದಾರ."

ಕುರಿಗಳನ್ನು ನೋಡುತ್ತಲೇ ಬೆಳೆದ ಸ್ನೇಹಲ, ಪರದೇಶದ ಯಾವುದೋ ಚಿತ್ರ ನೋಡಿ ಅದನ್ನು ಬರೆದಿದ್ದಳು.  ತಿದ್ದುತ್ತೇನೆ ಎಂದು ಹೇಳಿ ಎದ್ದಳು.

ಹದಿನೈದು ದಿನಕ್ಕೆ ಆಫೀಸಿನ ಪರದೆಯ ಮೇಲೆ ಅಂಕಿಗಳು ಬಂದವು. ಐದು ಮನೆಗಳಲ್ಲಿ ಆ್ಯಪ್ ದಿನಕ್ಕೆ ಆರೇಳು ನಿಮಿಷ ತೆರೆದಿತ್ತು. ಅದರಲ್ಲಿ ಒಂದು ಟ್ಯಾಬನ್ನು ಹಪ್ಪಳ ಒಣಹಾಕಿದ್ದರ ಮೇಲೆ ಮುಚ್ಚಿದ್ದರು ಎಂದು ಆಮೇಲೆ ಗೊತ್ತಾಯಿತು. ಆರನೆಯ ಮನೆ ಮಾತ್ರ ಬೇರೆ. ದಿನಕ್ಕೆ ಎರಡು ಗಂಟೆ ಐವತ್ತು ನಿಮಿಷ. ಹೆಬ್ಬೆರಳು ಒಮ್ಮೆಯೂ ಜಾರಿಲ್ಲ. ಎರಡು ದನಿಗಳೂ ಪ್ರತಿ ಸಲ ಕೇಳಿಸಿವೆ. ಒಂಬತ್ತು ದಿನಕ್ಕೆ ನಲವತ್ತೂ ಮೆಟ್ಟಿಲು ಮುಗಿದು, ಮತ್ತೆ ಮೊದಲಿನಿಂದ ಶುರು.

ಕಾಂತೇಶ ಕುರ್ಚಿಯಿಂದ ಎದ್ದೇಬಿಟ್ಟ. "ಎರಡು ವರ್ಷ ಎಂಟು ತಿಂಗಳ ಹುಡುಗ! ಒಂಬತ್ತು ದಿನ! ಇದು ತಡವಳದ ಚಮತ್ಕಾರ ಸ್ನೇಹಲ!"

ಅವತ್ತೇ ಪುಣೆಗೆ ಫೋನು ಹೋಯಿತು. ಟ್ರಸ್ಟಿನ ಛಾಯಾ ಮ್ಯಾಡಮ್ ಕ್ಯಾಮೆರಾದವನನ್ನು ಕರೆದುಕೊಂಡು ಮುಂದಿನ ಗುರುವಾರ ಬರುವುದಾಗಿ ಹೇಳಿದರು. ಮನೆಯವರಿಗೆ ತಿಳಿಸಿ ಬಾ ಎಂದು ಕಾಂತೇಶ ಸ್ನೇಹಲಳನ್ನು ಮಂಗಳವಾರ ಕಳಿಸಿದ.

ಅವಳು ಅಂಗಳಕ್ಕೆ ಕಾಲಿಟ್ಟಾಗ ಚಮತ್ಕಾರದ ಹುಡುಗ ಬರಿಮೈಯಲ್ಲಿ, ಕುರಿಮರಿಯೊಂದರ ಬೆನ್ನಟ್ಟಿ, ಬೇವಿನ ಗಿಡದ ಸುತ್ತ ಓಡುತ್ತಿದ್ದ. ಒಳಗಿಂದ ಸ್ನೇಹಲಳದೇ ದನಿ ಕೇಳಿಸುತ್ತಿತ್ತು. "ಭೇಷ್!" ಎನ್ನುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದಳು. ಹಣಮವ್ವ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ಅವಳ ಹೆಬ್ಬೆರಳು ಹಸಿರು ಗುಂಡಿನ ಮೇಲೆ. ಪಕ್ಕದಲ್ಲಿ ಅಂಟಿಕೊಂಡು ಶುಭಾಂಗಿ, ಅವಳ ಬೆರಳು ಮಗುವಿನ ಜಾಗದಲ್ಲಿ.

"ಮಣಿ," ಎಂದಳು ಶುಭಾಂಗಿ, ಪರದೆಯ ಮೇಲಿದ್ದ ಕಟ್ಟಿಗೆಯ ಮಣೆಯನ್ನು ಸರಿಸಿ.

"ಮಣಿ," ಎಂದಳು ಹಣಮವ್ವ. "ಕುಂದ್ರೂದು. ಕೊರಳಾಗ ಹಾಕ್ಕೊಳ್ಳೂದಲ್ಲ."

ಇಬ್ಬರೂ ಹೊಟ್ಟೆ ಹಿಡಿದು ನಗತೊಡಗಿದರು. ಎರಡು ದನಿ ಕೇಳಿಸಿದ್ದರಿಂದ ಟ್ಯಾಬು ಅವರನ್ನು ಮುಂದಿನ ಮೆಟ್ಟಿಲಿಗೆ ಏರಿಸಿತು.

ಚಹ ಕುಡಿಯುತ್ತ ಶುಭಾಂಗಿ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದ ಸಂಗತಿ ಇದು. ಅವಳು ಸಾಂಗೋಲಾ ಕಡೆಯವಳು, ತವರಿನಲ್ಲಿ ಕನ್ನಡದ ಗಂಧವಿಲ್ಲ. ಮದುವೆಯಾಗಿ ಬಂದ ಮೊದಲ ವಾರ ಅತ್ತೆ "ಮಣಿ ತಾ" ಎಂದಳು. ಮರಾಠಿಯಲ್ಲಿ ಮಣಿ ಎಂದರೆ ಕೊರಳಿನ ಮಣಿ. ಇವಳು ಪೆಟ್ಟಿಗೆ ತೆಗೆದು, ತವರಿನಿಂದ ತಂದಿದ್ದ ಮಣಿಸರ ತಂದು ಅತ್ತೆಯ ಕೈಗಿಟ್ಟಳು. ಊಟಕ್ಕೆ ಬಂದ ನೆಂಟರೆಲ್ಲ ನಕ್ಕರು. ಹುಡುಗಿ ತನ್ನನ್ನು ಚೇಷ್ಟೆ ಮಾಡುತ್ತಿದ್ದಾಳೆ ಎಂದು ಹಣಮವ್ವ ಸಿಟ್ಟಾದಳು. ನಾಚಿಕೆಯಿಂದ ಇವಳು ಬಾಯಿ ಹೊಲಿದುಕೊಂಡಳು. ಆಮೇಲೆ ಮೂರೂವರೆ ವರ್ಷ ಅತ್ತೆ ಕನ್ನಡದಲ್ಲಿ ಕೇಳುವುದು, ಸೊಸೆ ಮರಾಠಿಯಲ್ಲಿ ಒಂದು ಪದ ಉತ್ತರಿಸುವುದು. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು, ಆದರೆ ಮಾತಾಡಬೇಕು ಅನಿಸುತ್ತಿರಲಿಲ್ಲ.

"ಮೈಲಾರಿ ಮೊದಲ್ನೇ ದಿನಾನೇ ಟ್ಯಾಬ್ ಮುಟ್ಟದ ಓಡಿದ ತಾಯಿ," ಎಂದಳು ಶುಭಾಂಗಿ. "ಹೆಂಗದ ಅಂತ ನಾ ಹಚ್ಚಿ ನೋಡ್ದೆ. ಒಬ್ಬಾಕಿಗೆ ನಡೀವಲ್ದು. ಅದಕ್ಕ ಅತ್ಯಾಬಾಯಿಗೆ ಕರದೆ. ಒಬ್ಬರ ಜೋಡಿ ಒಬ್ಬರು ಮಾತಾಡ್ರಿ ಅಂತ ಅಂತದಲ್ಲ ಅದು. ಮತ್ತ ಮಾತಾಡಬೇಕೇ ಆತು."

"ನಾ ಸುಮ್ಮ ಅಕಿ ಕರದ್ಲು ಅಂತ ಕುಂತೆ," ಎಂದು ಹಣಮವ್ವ ಸೆರಗು ಸರಿಮಾಡಿಕೊಂಡಳು. ಆದರೆ ಹೆಬ್ಬೆರಳನ್ನು ತೆಗೆಯಲಿಲ್ಲ.

 ಮಗುವಿಗೂ ತಾಯಿಗೂ ಬೆಸುಗೆ ಹಾಕಲು ಮಾಡಿದ ಯಂತ್ರ ಅತ್ತೆ ಸೊಸೆಗೆ ಬೆಸುಗೆ ಹಾಕಿ, ಮಗುವನ್ನು ಕುರಿಯ ಬೆನ್ನಿಗೆ ಬಿಟ್ಟಿತ್ತು. ತಂದೆತಾಯಿ ಎದ್ದು ಹೋಗಬಾರದು ಎಂಬ ಕಾಂತೇಶನ ಆಸೆಯೇನೋ ಪೂರ್ಣವಾಗಿ ಈಡೇರಿತ್ತು.

ಅವಳು ಸೋಲಾಪುರಕ್ಕೆ ಮರಳಿ ಎಲ್ಲವನ್ನೂ ಹೇಳಿದಳು. ಕಾಂತೇಶ ವರದಿಯ ಹಾಳೆ ತಿರುವಿ ಹಾಕಿದ.

"ಕೂಸಿನ ಬೆರಳು ಅಂತ ನಾವೆಲ್ಲಿ ಬರದೀವಿ? 'ಎರಡನೆಯ ಬೆರಳು' ಅಂತ ಬರದೀವಿ. ಯಾರ ಬೆರಳು ಅಂತ ಅವರು ಕೇಳಿಲ್ಲ, ನಾವು ಹೇಳಿಲ್ಲ."

"ಸರ್, ಅವರು ಹುಡುಗನ್ನ ನೋಡಾಕಂತನೇ ಬರಾಕತ್ಯಾರ."

"ನಾಳೆ ಒಂದು ದಿನ ಅದ ಅಲ್ಲ? ಚಿಕ್ಕಿ ತಗೊಂಡು ಹೋಗು. ನಾಲ್ಕು ಚಿತ್ರ ಕಲಸಿದ್ರ ಸಾಕು."

ಸ್ನೇಹಲ ಬುಧವಾರ ಶೇಂಗಾ ಚಿಕ್ಕಿ ತೆಗೆದುಕೊಂಡು ಹೋದಳು. ಹೋಗಬಾರದಿತ್ತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅನಿಸಿತು, ಆದರೂ ಹೋದಳು. ಮೈಲಾರಿ ಚಿಕ್ಕಿ ತಿಂದ. ಅರ್ಧವನ್ನು ಕುರಿಮರಿಗೆ ತಿನ್ನಿಸಿದ. ಟ್ಯಾಬನ್ನು ತಿರುಗಿಯೂ ನೋಡಲಿಲ್ಲ. ಇಷ್ಟು ಬುದ್ಧಿವಂತ ಮಗುವಿಗೆ ತಾನು ಲಂಚ ಕೊಡಲು ಬಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಬೇಸರವಾಯಿತು.

ಗುರುವಾರ ಛಾಯಾ ಮ್ಯಾಡಮ್ ಬಿಳಿ ಗಾಡಿಯಲ್ಲಿ ಬಂದಿಳಿದರು, ಜೊತೆಗೆ ಕ್ಯಾಮೆರಾದವನು, ಕಾಂತೇಶ, ಸ್ನೇಹಲ. ಮರಾಠಿ ಬಲ್ಲವರು, ಕನ್ನಡದ ಒಂದಕ್ಷರ ತಿಳಿಯದು. ಮನೆಯ ಭಾಷೆಯ ಮಹತ್ವದ ಬಗ್ಗೆ ಅಂಗಳದಲ್ಲಿ ನಿಂತೇ ಮರಾಠಿಯಲ್ಲಿ ಹತ್ತು ನಿಮಿಷ ಮಾತಾಡಿದರು. ಹಣಮವ್ವ ಶಾಂತವಾಗಿ ಕೇಳಿ, ಈ ಹೆಣ್ಣುಮಗಳಿಗೆ ಊಟ ಆಗಿದೆಯೋ ಇಲ್ಲವೋ ಎಂದು ಸೊಸೆಯನ್ನು ಕೇಳಿದಳು. ಕ್ಯಾಮೆರಾ ಸಜ್ಜಾಯಿತು. ಮೈಲಾರಿಯ ಮುಖ ತೊಳೆದು, ಇಸ್ತ್ರಿ ಅಂಗಿ ತೊಡಿಸಿ, ಚಾಪೆಯ ಮೇಲೆ ಕೂಡಿಸಿ, ಮುಂದೆ ಟ್ಯಾಬು ಇಟ್ಟರು.

"ಬಾಳ, ಮೇಂಢಿ ದಾಖವ್," ಎಂದರು ಮ್ಯಾಡಮ್. ಮಗೂ, ಕುರಿ ತೋರಿಸು.

ಮೈಲಾರಿ ಎದ್ದುನಿಂತು, ಕೈ ಚಾಚಿ, ಗೋಡೆಯಾಚೆ ಕಟ್ಟಿದ್ದ ನಿಜವಾದ ಕುರಿಯನ್ನು ತೋರಿಸಿದ. ಮತ್ತೆ ಕೂಡಿಸಿದರು. ಅವನು ಟ್ಯಾಬನ್ನು ಎರಡೂ ಕೈಯಿಂದ ಎತ್ತಿ, ನಡೆದುಹೋಗಿ ಅಜ್ಜಿಯ ತೊಡೆಯ ಮೇಲಿಟ್ಟು, "ಆಯೀದು," ಎಂದ. ಅವನಿಗೆ ಅಜ್ಜಿಯೇ ಆಯಿ.

ಛಾಯಾ ಮ್ಯಾಡಮ್ ಕಾಂತೇಶನ ಕಡೆ ನೋಡಿದರು. ಕಾಂತೇಶ ಹುಡುಗ ಮಂದಿ ಕಂಡು ನಾಚಿದ್ದಾನೆ ಎಂದ. ಆಗ ಹಣಮವ್ವ, ಯಾರೂ ಕೇಳದಿದ್ದರೂ, ಸಹಾಯಕ್ಕೆ ಬಂದಳು.

"ಅದಕ್ಕೇನ್ ಗೊತ್ತರಿ ಪಾಪ. ಅಂವ ಎಂದೂ ಮುಟ್ಟಿಲ್ಲ. ಆಡೋರು ನಾವು, ಅತ್ತಿ ಸೊಸಿ."

"ಅಜ್ಜಿ ಏನಂದರು?" ಎಂದು ಮರಾಠಿಯಲ್ಲಿ ಕೇಳಿದರು ಮ್ಯಾಡಮ್.

ಕಾಂತೇಶನ ಮುಖದ ಮೇಲಿನ ನಗು ಒಂದಿಷ್ಟೂ ಕದಲಲಿಲ್ಲ. "ಮೊಮ್ಮಗ ನಮ್ಮನ್ನು ಬಿಟ್ಟು ಎಂದೂ ಆಡುವುದಿಲ್ಲ, ಇಡೀ ಮನೆಯವರು ಕೂಡಿ ಆಡುತ್ತೇವೆ ಅನ್ನುತ್ತಾರೆ," ಎಂದು ಸುಲಲಿತ ಮರಾಠಿಯಲ್ಲಿ ಅನುವಾದಿಸಿದ.

ಎರಡೂ ಭಾಷೆ ಬಲ್ಲ ಶುಭಾಂಗಿ ಬೆಚ್ಚಿ ಸ್ನೇಹಲಳ ಕಡೆ ನೋಡಿದಳು. ಅವಳ ನೋಟದಲ್ಲಿ ಕೋಪವಿರಲಿಲ್ಲ. ಒಂದು ಪದ ಅದಲುಬದಲಾಗಿ ಮೂರೂವರೆ ವರ್ಷ ಕಳೆದುಕೊಂಡವಳ ಭಯವಿತ್ತು. ಸ್ನೇಹಲ ಆ ನೋಟವನ್ನು ತಾಳಲಾರದೆ ಹೋದಳು.

"ಹಾಗಲ್ಲ ಮ್ಯಾಡಮ್," ಎಂದಳು ಮರಾಠಿಯಲ್ಲಿ. "ಹುಡುಗ ಇದನ್ನು ಮುಟ್ಟಿಯೇ ಇಲ್ಲ. ಆ ಅಂಕಿಗಳೆಲ್ಲ ಈ ಇಬ್ಬರದು. ಇವರು ಆಡುವಾಗ ಹುಡುಗ ಹೊರಗೆ ಕುರಿಮರಿಯ ಜೊತೆ ಇರುತ್ತಾನೆ."

 ಕಾಂತೇಶ ತನ್ನ ಬೂಟು ನೋಡಿಕೊಂಡ. ಕೆಲಸ ಹೋಯಿತು ಎಂದುಕೊಂಡಳು ಸ್ನೇಹಲ.

ಛಾಯಾ ಮ್ಯಾಡಮ್ ಕಪ್ಪು ಕನ್ನಡಕ ತಲೆಯ ಮೇಲೇರಿಸಿದರು. ಅತ್ತೆಯನ್ನು ನೋಡಿದರು, ಸೊಸೆಯನ್ನು ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು.

"ಅರೆ ವಾ! ಇದಂತೂ ಅದಕ್ಕಿಂತ ಭಾರಿ ಆಯಿತು!" ಎಂದರು. "ಎರಡು ಭಾಷೆ, ಎರಡು ಪೀಳಿಗೆ, ಒಂದು ಪರದೆ! ಕ್ಯಾಮೆರಾ ಈ ಕಡೆ ತಿರುಗಿಸು."

ಕಾಂತೇಶ ಬೂಟಿನಿಂದ ತಲೆ ಎತ್ತಿದ. "ಹೌದು ಮ್ಯಾಡಮ್, ಮೊದಲಿನಿಂದ ನಮ್ಮ ವಿಚಾರ ಅದೇ ಇತ್ತು," ಎಂದ.

"ಮತ್ತೆ ಮಗು?" ಎಂದು ಸ್ನೇಹಲ ಕೇಳಿದಳು.

"ಮಗು ಎರಡನೆಯ ಹಂತ," ಎಂದರು ಮ್ಯಾಡಮ್.

ಸತ್ಯ ಹೇಳಿದರೆ ಏನೋ ಮುರಿದುಬೀಳುತ್ತದೆ ಎಂದು ಸ್ನೇಹಲ ಹೆದರಿದ್ದಳು. ಅದು ಒಂದು ತಿಂಗಳೊಳಗೆ ನುಣುಪು ಕಾಗದದ ಮೇಲೆ ಬಣ್ಣದಲ್ಲಿ ಅಚ್ಚಾಗಿ ಬಂತು. ಹಣಮವ್ವ ಶುಭಾಂಗಿಯರ ಚಿತ್ರ, ಕೆಳಗೆ ಕಾಂತೇಶನ ಮಾತು. ಅತ್ತೆ ಸೊಸೆಯರ ಹೊಸ ಆ್ಯಪಿಗೆ ಮಂಜೂರಿ ಸಿಕ್ಕಿತು. ಆಫೀಸಿನ ಉಳಿದಿಬ್ಬರು ಅದಕ್ಕೆ ಕೂತರು. ಎರಡನೆಯ ಹಂತವನ್ನು ಯಾರೂ ಕೇಳಲಿಲ್ಲವಾದ್ದರಿಂದ ಅದು ಸ್ನೇಹಲಳ ಪಾಲಿಗೆ ಬಂತು. "ನಿನಗ ಅಷ್ಟು ಕೂಸಿನ ಕಾಳಜಿ ಇದ್ರ ನೀನೇ ಮಾಡು," ಎಂದಿದ್ದ ಕಾಂತೇಶ. ಅವನು ಇಷ್ಟು ದಿನದಲ್ಲಿ ಕೊಟ್ಟ ಒಳ್ಳೆಯ ಆದೇಶ ಅದೊಂದೇ.

ಅವಳು ಮೊದಲು ಕುರಿಯನ್ನು ಕಪ್ಪಗೆ ಬರೆದಳು. ಕಿವಿ ಉದ್ದ ಮಾಡಿದಳು. ಹಣಮವ್ವನಿಗೆ ಫೋನಿನಲ್ಲಿ ಕಳಿಸಿದಾಗ "ಕಾಲು ಇನ್ನಾ ಸಣ್ಣ ಮಾಡು, ಮೂಗು ಉಬ್ಬಿಸು" ಎಂದು ಆಕೆ ಎರಡು ಸಲ ತಿದ್ದಿಸಿದಳು. ಪ್ರೀತಿಯ ಪಾಲಕರನ್ನು ತೆಗೆದುಹಾಕಿ, ನಾಗಣಸೂರಿನಲ್ಲಿ ತನ್ನ ಅವ್ವ ಕರೆಯುವಂತೆ ಮಾತು ಹೊಸದಾಗಿ ತುಂಬಿದಳು. ಹಸಿರು ಗುಂಡನ್ನೂ ಕಿತ್ತಳು. ಆಟ ಏಳೇ ನಿಮಿಷ. ಆಮೇಲೆ ಟ್ಯಾಬು, "ಸಾಕಿನ್ನ, ನನ್ನ ಮಲಗಸ್ರಿ. ಹೊರಗ ಹೋಗಿ ಗುಂಡಗಿದ್ದದ್ದು ಒಂದು ಹುಡಿಕ್ಯಾಂಡು ಬರ್ರಿ," ಎಂದು ದಿನಕ್ಕೊಂದು ಕೆಲಸ ಹೇಳಿ ಕಪ್ಪಾಗುತ್ತದೆ. ಮರುದಿನದವರೆಗೆ ಏನು ಮಾಡಿದರೂ ಏಳುವುದಿಲ್ಲ.

ಅದನ್ನು ಆರೂ ಮನೆಗಳಲ್ಲಿ ಹಾಕಿಕೊಡಲು ಅವಳು ತಡವಳಕ್ಕೆ ಹೋದ ದಿನ ಅಮೋಗಸಿದ್ಧನೂ ಮನೆಯಲ್ಲಿದ್ದ. ಮೈಲಾರಿ ಅಪ್ಪನ ಕಾಲ ಮೇಲೆ ಕೂತು ಕರಿ ಕುರಿಯನ್ನು ನೋಡಿ, ಮೊದಲ ಸಲ ತಾನಾಗಿ ಬೆರಳಿಟ್ಟ. "ನಮ್ಮದು!" ಎಂದು ಕೂಗಿದ. ಏಳು ನಿಮಿಷ ಮುಗಿದು ಪರದೆ ಆರಿತು. ಈಗ ಅಳುತ್ತಾನೆ ಎಂದುಕೊಂಡಳು ಸ್ನೇಹಲ. ಅವನು ಅಪ್ಪನ ಬೆರಳು ಹಿಡಿದು ಎಳೆದುಕೊಂಡು ಹೊರಗೆ ಹೋದ. ಹತ್ತು ನಿಮಿಷ ಹಟ್ಟಿಯ ಕಡೆಯಿಂದ ಇಬ್ಬರ ವಾದ ಕೇಳಿಸುತ್ತಿತ್ತು, ಇದು ಗುಂಡಗಿದೆಯೋ ಅದೋ ಎಂದು. ಮರಳಿ ಬಂದು ಮೈಲಾರಿ ಮುಷ್ಟಿ ಬಿಚ್ಚಿ ಸ್ನೇಹಲಳ ಅಂಗೈಯಲ್ಲಿ ಕುರಿಹಿಕ್ಕೆಯೊಂದನ್ನು ಇಟ್ಟ.

"ಗುಂಡಗ," ಎಂದ.

"ಬರೋಬರ್ ಐತಿ ನೋಡು," ಎಂದಳು ಹಣಮವ್ವ. "ಇಷ್ಟು ಗುಂಡಗಿದ್ದದ್ದು ಊರಾಗ ಇನ್ನೊಂದಿಲ್ಲ."

ಶುಭಾಂಗಿ ಮಾತ್ರ ಮುಖ ಊದಿಸಿಕೊಂಡಿದ್ದಳು. "ಇದು ಕೂಸಿಗೆ ಇರ್ಲಿ ತಾಯಿ. ನಮ್ಮ ಹಳೇದು ತಗೀಬ್ಯಾಡ. ಅದರಾಗಿನ ಅಕ್ಷರ ನೋಡಿ ಅತ್ಯಾಬಾಯಿ ಈಗ ತನ್ನ ಹೆಸರು ಬರೀಲಾಕ ಕಲ್ಯಾಕತ್ಯಾರ, 'ಣ'ದಾಗ ಸಿಕ್ಕೊಂಡಾರ." ಸ್ನೇಹಲ ಎರಡನ್ನೂ ಬಿಟ್ಟು ಬಂದಳು.

ವಾರ ಕಳೆದು ಕಾಂತೇಶ ಅವಳನ್ನು ಕರೆದು ಪರದೆಯನ್ನು ಅವಳತ್ತ ತಿರುಗಿಸಿದ. ಎರಡನೆಯ ಹಂತದ ಗೆರೆ ಏಳು ನಿಮಿಷಕ್ಕೆ ಬಂದು, ಅಲ್ಲಿಂದ ನೆಟ್ಟಗೆ ನೆಲಕ್ಕೆ ಬಿದ್ದಿತ್ತು. ಎಲ್ಲ ಮನೆಯದೂ, ಎಲ್ಲ ದಿನವೂ ಹಾಗೇ.

"ಏನಿದು? ಏಳು ನಿಮಿಷದ ಮ್ಯಾಲೆ ಒಬ್ಬರೂ ಇಲ್ಲ. ಎಲ್ಲಾ ಮಂದಿ ಎಲ್ಲಿ ಹೋಗ್ಯಾರ?"

"ಹೊರಗ ಹೋಗ್ಯಾರ್ರಿ ಸರ್."

 ಇದನ್ನು ಪುಣೆಗೆ ಹೇಗೆ ತೋರಿಸುವುದು ಎಂದು ಕಾಂತೇಶನಿಗೆ ಹೊಳೆಯಲಿಲ್ಲ. ಕೊನೆಗೆ ವರದಿಯ ಕೊನೆಯ ಹಾಳೆಯಲ್ಲಿ 'ತಿದ್ದಬೇಕಾದ ದೋಷಗಳು' ಎಂಬ ತಲೆಬರಹದ ಕೆಳಗೆ ಅದನ್ನು ಬರೆಸಿದ. ಸ್ನೇಹಲ ತನ್ನ ಕೈಯಾರೆ, ಒಂದೊಂದೇ ಅಕ್ಷರ ಹುಡುಕಿ, ಕನ್ನಡದಲ್ಲಿ ಅದನ್ನು ಟೈಪ್ ಮಾಡಿ, ಮುಂದಿನ ದಿನಕ್ಕೆ ಮಕ್ಕಳಿಗೆ ಯಾವ ಕೆಲಸ ಹೇಳಲಿ ಎಂದು ಯೋಚಿಸುತ್ತ ಕೂತಳು.